ತಾಡಪತ್ರಿ ಹಾಯಿ ವಾಪಸ್ ಕರ್ಕೊಂಡು ಬರುತ್ತಾ? ಹಿನ್ನೀರಿನಲ್ಲಿ ಓಡಿಸಿ ನೋಡಿದ್ದು

ಮನೆ ಅಂಗಳದಲ್ಲಿ ಕಟ್ಟಿದ ಎಂಟು ಅಡಿ ದೋಣಿ, ತಾಡಪತ್ರಿಯಲ್ಲಿ ಹೊಲಿದ ಹಾಯಿ. ಸೆಪ್ಟೆಂಬರ್‌ನಲ್ಲಿ ಮೂರು ಭಾನುವಾರ ತುಂಗಭದ್ರಾ ಹಿನ್ನೀರಿನಲ್ಲಿ, ನಮ್ಮ ಕೊಪ್ಪಳ ಕಡೆಯ ದಂಡೆಯಲ್ಲಿ ಓಡಿಸಿ ನೋಡಿದೆವು. ನಾನು ಮತ್ತು ಅಕ್ಕನ ಮಗ. ದೋಣಿಗೆ ಹತ್ತಕ್ಕೆ ಒಂಬತ್ತು ಅಂಕ. ಹಾಯಿಯ ಕಥೆ ಸ್ವಲ್ಪ ಉದ್ದ.

ಮೊದಲು ದೋಣಿ. 6 ಮಿ.ಮೀ. ಮರೈನ್ ಪ್ಲೈವುಡ್, ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನಕ) ಗುರುತು ಇರೋದು. ಹಲಗೆಗಳ ಅಂಚನ್ನು ತಾಮ್ರದ ತಂತಿಯಿಂದ ಹೊಲಿದು, ಒಳಗೂ ಹೊರಗೂ ಫೈಬರ್ ಪಟ್ಟಿ ಇಟ್ಟು ಎಪಾಕ್ಸಿ ಅಂಟು ಬಳಿದೆವು. ಒಂದು ಹನಿ ನೀರೂ ಒಳಗೆ ಬರಲಿಲ್ಲ. ಪ್ಲೈವುಡ್ ದೋಣಿಯನ್ನು ನಂಬಬಹುದಾ ಅಂತ ತುಂಬಾ ಜನ ಕೇಳ್ತಾರೆ. ಎಷ್ಟೋ ದೇಶಗಳಲ್ಲಿ ಮಕ್ಕಳು ಹಾಯಿ ಕಲಿಯೋ ಆಪ್ಟಿಮಿಸ್ಟ್ ದೋಣಿಯನ್ನು 1947ರಲ್ಲಿ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದೇ ಪ್ಲೈವುಡ್ ಹಾಳೆಯಲ್ಲಿ ಕಟ್ಟೋ ಹಾಗೆ. ಧೈರ್ಯವಾಗಿ ನಂಬಿ.

ಇನ್ನು ಹಾಯಿ. ಮೊದಲನೆಯದನ್ನು ಅಂಗಡಿಯಲ್ಲಿ ಹೊಲಿಸಿದೆ. ನಾಲ್ಕು ಅಂಚೂ ನೆಟ್ಟಗೆ, ಮೂಲೆಗಳಿಗೆ ಐಲೆಟ್, ನೋಡೋಕೆ ಬಹಳ ಚೆಂದ. ಪಡುವಣ ಗಾಳಿ ಬೀಸುತ್ತಿತ್ತು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರ ಹಿರಿಯರು ಹಾಯಿಯನ್ನೇ ನೋಡುತ್ತಾ, "ತಮ್ಮಾ, ಹೋಗಾಕ ಏನೂ ತ್ರಾಸಿಲ್ಲ, ಬರೂದು ಹೆಂಗ ನೋಡ್ಕೋ" ಅಂದರು. ಅವರು ಹೇಳಿದ ಹಾಗೇ ಆಯಿತು. ಗಾಳಿ ಬೆನ್ನಿಗಿದ್ದಾಗ ದೋಣಿ ಓಡಿತು, ತಿರುಗಿಸಿದ ಕೂಡಲೇ ಹಾಯಿ ಪಟಪಟ ಬಡಿದುಕೊಂಡು ದೋಣಿ ಅಡ್ಡಡ್ಡಕ್ಕೆ ಜಾರತೊಡಗಿತು. ಅಷ್ಟರಲ್ಲಿ ಹೊಲಿಗೆಯೂ ಒಂದು ಗೇಣು ಬಿಚ್ಚಿತು. ಅಂಗಡಿಯವರು ಹಾಕಿದ್ದು ಸಾದಾ ಹತ್ತಿ ದಾರ, ನೈಲಾನ್ ಹಾಕಿ ಅಂತ ಎರಡು ಸಲ ಹೇಳಿದ್ದೆ, ಅದಕ್ಕೇ ಬೇಜಾರು. ಒಂದು ಗಂಟೆ ಹುಟ್ಟು ಹಾಕಿ ದಂಡೆ ಸೇರಿದೆವು.

ತಪ್ಪು ತಾಡಪತ್ರಿಯದ್ದಲ್ಲ, ಕತ್ತರಿಸಿದ ರೀತಿಯದ್ದು. ಚಪ್ಪಟೆ ಬಟ್ಟೆ ಗಾಳಿಯನ್ನು ತಡೆಯುತ್ತದೆ ಅಷ್ಟೇ. ಗಾಳಿಗೆ ಓರೆಯಾಗಿ ಮುಂದೆ ಹೋಗಬೇಕಾದರೆ ಹಾಯಿಗೆ ಹೊಟ್ಟೆ ಬೇಕು. ಎರಡನೆಯದಕ್ಕೆ ಮೇಲಿನ ಅಂಚನ್ನೂ ಕೂವೆಮರದ (ಹಾಯಿ ಕಟ್ಟೋ ಕಂಬದ) ಕಡೆಯ ಅಂಚನ್ನೂ ಬಿಲ್ಲಿನ ಹಾಗೆ, ನಡುವೆ ಎರಡೂವರೆ ಇಂಚು ಹೊರಗೆ ಬರುವಂತೆ ಕತ್ತರಿಸಿದೆವು. ಆ ಬಾಗಿದ ಅಂಚನ್ನು ನೆಟ್ಟಗಿರೋ ಬಿದಿರಿಗೆ ಎಳೆದು ಕಟ್ಟಿದಾಗ ಜಾಸ್ತಿ ಇರೋ ಬಟ್ಟೆಯೆಲ್ಲ ಹಾಯಿಯ ನಡುವಿಗೆ ಸರಿದು ಹೊಟ್ಟೆಯಾಗುತ್ತದೆ. ಹೊಲಿಗೆ ನಾನೇ ಹಾಕಿದೆ, ದಬ್ಬಣದಲ್ಲಿ, ಆ ಹಿರಿಯರೇ ಕೊಟ್ಟ ಬಲೆ ಹೆಣೆಯೋ ನೈಲಾನ್ ದಾರದಿಂದ. ತಾಡಪತ್ರಿಗೆ ಆದ ಖರ್ಚು 900 ರೂಪಾಯಿ.

ಹಾಯಿಯ ಎರಡೂ ಕಡೆ ಕೆಂಪು ಉಲ್ಲನ್ ಎಳೆ ಅಂಟಿಸಿದ್ದೆ. ಇದನ್ನು ಮಾತ್ರ ಮರೀಬೇಡಿ. ಎರಡೂ ಎಳೆ ಸಮನಾಗಿ ಹಿಂದಕ್ಕೆ ಹರಿದರೆ ಹಾಯಿ ಸರಿ ಕೂತಿದೆ ಅಂತ ಅರ್ಥ, ಒಂದು ಕುಣಿದಾಡಿದರೆ ಹಗ್ಗ ಎಳೆಯಬೇಕು ಇಲ್ಲಾ ಸಡಿಲ ಬಿಡಬೇಕು. ಮೂರನೇ ಭಾನುವಾರ ಎಳೆಗಳು ಸಮನಾಗಿ ನಿಂತವು, ದೋಣಿಯ ಮುಂದೆ ನೀರು ಸರ್ರನೆ ಸೀಳಿತು. ಗಾಳಿಗೆ ನೇರ ಎದುರು ಯಾವ ಹಾಯಿದೋಣಿಯೂ ಹೋಗಲ್ಲ, ನಾವೂ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ಬಂದೆವು. ಐದನೇ ತಿರುವಿಗೆ ಹುಡುಗ ಕೂಗಿದ: "ಮಾಮಾ, ದಂಡಿ ಹತ್ರ ಬರಾಕತ್ತೈತಿ!" ಹುಟ್ಟು ಮುಟ್ಟಲೇ ಇಲ್ಲ.

ಆದರೆ ದಂಡೆಗೆ ಇನ್ನೂ ದೂರ ಇರುವಾಗಲೇ ನಡುವಿನ ಇಳಿಹಲಗೆ (ದೋಣಿ ಅಡ್ಡಕ್ಕೆ ಜಾರದ ಹಾಗೆ ತಳದಿಂದ ನೀರಿಗೆ ಇಳಿಬಿಡೋ ಹಲಗೆ) ಕೆಸರಿಗೆ ಸಿಕ್ಕಿತು. ಈ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105.79ಕ್ಕೆ ಇಳಿದಿರೋದೇ ಹೂಳಿನಿಂದ, ಅಲ್ವಾ? ಹಾಗಾಗಿ ಹಲಗೆ ಸುಲಭವಾಗಿ ಮೇಲೆ ಎಳೆಯೋ ಹಾಗಿರಲಿ. ಒಂದು ಅಂಕ ಕಡಿಮೆ ಕೊಟ್ಟಿದ್ದು ಇದಕ್ಕೇ, ನಮ್ಮದು ತುಂಬಾ ಬಿಗಿ.

ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಸೀಟಿನ ಕೆಳಗೆ ಖಾಲಿ ಕ್ಯಾನ್ ಕಟ್ಟಿ, ಮಗುಚಿದರೂ ದೋಣಿ ತೇಲುತ್ತದೆ. ಅಣೆಕಟ್ಟಿನ ಕಡೆ ಸುಳಿಯಲೇಬೇಡಿ. ಮನೆಗೆ ಬಂದ ಮೇಲೆ ಹಾಯಿಯನ್ನು ನೆರಳಲ್ಲಿ ಸುತ್ತಿಡಿ, ನಮ್ಮ ಬಿಸಿಲಿಗೆ ತಾಡಪತ್ರಿ ಬೇಗ ಪುಡಿಯಾಗುತ್ತದೆ.