ಹಳೆಯ ಫ್ಲ್ಯಾಶ್‌ಗೆ ‘ಹೊಸ ಸೆಲ್ ಹಾಕಿದ್ದೇವೆ’ ಅಂದರೆ ಮೊದಲು ಎಷ್ಟು ವೋಲ್ಟ್ ಅಂತ ಕೇಳಿ

ಹಳೆಯ ಕ್ಯಾಮೆರಾ ಫ್ಲ್ಯಾಶ್ ಕೊಳ್ಳುವವರು, ಅಟ್ಟದ ಮೇಲಿದ್ದದ್ದನ್ನು ಇಳಿಸಿ ಮತ್ತೆ ಬಳಸೋಣ ಅಂದುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ಜಾಗಕ್ಕೆ ಸರಿಯಾಗಿ ಕೂರುವ ಸೆಲ್ ಎಲ್ಲವೂ ಆ ಫ್ಲ್ಯಾಶ್‌ಗೆ ಸರಿಹೋಗುವ ಸೆಲ್ ಅಲ್ಲ. ನನಗೆ ಮಾರಿದವರು ಇದನ್ನು ಹೇಳಲೇ ಇಲ್ಲ. ಅವರು ಹಾಕಿಕೊಟ್ಟ ಸೆಲ್‌ಗಳಿಂದಲೇ ಒಂದು ಒಳ್ಳೆಯ ಫ್ಲ್ಯಾಶ್ ನನ್ನ ಮೇಜಿನ ಮೇಲೆ ಸಿಡಿದುಹೋಯಿತು.

ನಾಲ್ಕು ಎಎ ಸೆಲ್ ಹಾಕುವ, 1970ರ ದಶಕದ ಫ್ಲ್ಯಾಶ್ ಅದು. ಹಳೆಯ ಸಾಮಾನು ಆನ್‌ಲೈನ್‌ನಲ್ಲಿ ಮಾರುವವರೊಬ್ಬರಿಂದ ತರಿಸಿಕೊಂಡಿದ್ದೆ. ‘ಹೊಸ ರೀಚಾರ್ಜ್ ಸೆಲ್ ಹಾಕಿದ್ದೇವೆ, ಹೊಸದರಲ್ಲಿ ಇದ್ದದ್ದಕ್ಕಿಂತ ಬೇಗ ಚಾರ್ಜ್ ಆಗುತ್ತೆ’ ಎಂದು ಬರೆದಿದ್ದರು. ವಿಡಿಯೋ ಕೂಡ ಹಾಕಿದ್ದರು. ಫ್ಲ್ಯಾಶ್ ಹೊಡೆದ ತಕ್ಷಣ ರೆಡಿ ದೀಪ ಮತ್ತೆ ಹತ್ತುತ್ತಿತ್ತು. ಹಳೆಯ ಫ್ಲ್ಯಾಶ್‌ಗಳು ಒಂದು ಸಲ ಹೊಡೆದ ಮೇಲೆ ಸಾಕಷ್ಟು ಹೊತ್ತು ಕಾಯಿಸುತ್ತವೆ, ಅಲ್ವಾ? ಆ ವೇಗವನ್ನೇ ಅವರು ದೊಡ್ಡ ಗುಣ ಅಂತ ತೋರಿಸಿದ್ದರು. ಸೆಲ್‌ಗಳ ಮೇಲಿನ ಹೊದಿಕೆಯಲ್ಲಿ ಎಎ, ರೀಚಾರ್ಜ್ ಎಂದು ಮಾತ್ರ ಇತ್ತು. ವೋಲ್ಟ್ ಎಲ್ಲೂ ಬರೆದಿರಲಿಲ್ಲ.

ಸ್ವಿಚ್ ಹಾಕಿದಾಗ ಬರುವ ಕುಂಯ್ ಸದ್ದು ಮಾಮೂಲಿಗಿಂತ ತುಂಬಾ ಚೂಪಾಗಿತ್ತು. ದೀಪ ಹತ್ತಿತು. ಕೆಲವು ಸಲ ಚೆನ್ನಾಗಿಯೇ ಹೊಡೆಯಿತು. ಆಮೇಲೆ ಸುಟ್ಟ ವಾಸನೆ ಬಂತು. ಕೈಗೆ ಬಿಸಿ ತಗುಲಿ ಕೆಳಗಿಟ್ಟೆ. ಅಷ್ಟರಲ್ಲೇ ಪಟ್ ಎಂದು ಜೋರಾದ ಸದ್ದು, ಜೊತೆಗೆ ಬಿಳಿ ಹೊಗೆ. ಸೆಲ್ ತೆಗೆಯಲು ಹೋಗದೆ, ದಪ್ಪ ಬಟ್ಟೆಯಲ್ಲಿ ಹಿಡಿದು ಹೊರಗೆ ಬರೀ ಸಿಮೆಂಟ್ ನೆಲದ ಮೇಲಿಟ್ಟು ದೂರ ನಿಂತೆ. ಕ್ಯಾಮೆರಾ ಅದಕ್ಕೆ ಜೋಡಿಸಿರಲಿಲ್ಲ, ಅಷ್ಟು ಪುಣ್ಯ.

ಪೂರ್ತಿ ತಣ್ಣಗಾದ ಮೇಲೆ, ಹಳೆಯ ಫ್ಲ್ಯಾಶ್‌ಗಳನ್ನು ಚೆನ್ನಾಗಿ ಬಲ್ಲ ರಿಪೇರಿಯವರೊಬ್ಬರ ಬಳಿ ಬಿಚ್ಚಿಸಿದೆ. ಅವರು ಮೊದಲು ಮಾಡಿದ ಕೆಲಸ ಸೆಲ್‌ನ ಹೊರಗಿನ ಹೊದಿಕೆ ಸುಲಿದದ್ದು. ಒಳಗೆ ಇನ್ನೊಂದು ಹೊದಿಕೆ. ಅದರ ಮೇಲೆ ‘14500’, ‘3.7 ವೋಲ್ಟ್’.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಎ ಎನ್ನುವುದು ಬರೀ ಅಳತೆಯ ಹೆಸರು. ಸಾಮಾನ್ಯ ಆಲ್ಕಲೈನ್ ಎಎ ಸೆಲ್ 1.5 ವೋಲ್ಟ್. ನಿಕಲ್ ರೀಚಾರ್ಜ್ ಸೆಲ್ 1.2 ವೋಲ್ಟ್. 14500 ಎಂಬುದು ಲಿಥಿಯಂ ಅಯಾನ್ ಸೆಲ್. ನೋಡಲು ಎಎ ಥರವೇ ಇರುತ್ತದೆ, ಆದರೆ ಪೂರ್ತಿ ಚಾರ್ಜ್ ಆದಾಗ ಒಂದೊಂದೂ 4.2 ವೋಲ್ಟ್. ನಾಲ್ಕು ಸೇರಿದರೆ 16.8. ಫ್ಲ್ಯಾಶ್ ಕೇಳುತ್ತಿದ್ದದ್ದು 6 ವೋಲ್ಟ್!

ಫ್ಲ್ಯಾಶ್ ಒಳಗೆ ಒಂದು ಟ್ರಾನ್ಸಿಸ್ಟರ್ ಮತ್ತು ಪುಟ್ಟ ಟ್ರಾನ್ಸ್‌ಫಾರ್ಮರ್ ಸೇರಿ ಆ 6 ವೋಲ್ಟನ್ನು ಸುಮಾರು 300 ವೋಲ್ಟ್‌ಗೆ ಏರಿಸಿ, ಚಾರ್ಜ್ ಹಿಡಿದಿಡುವ ಕೆಪ್ಯಾಸಿಟರ್‌ಗೆ ತುಂಬುತ್ತವೆ. ಕುಂಯ್ ಸದ್ದು ಬರುವುದು ಅಲ್ಲಿಂದಲೇ. ಆ ಕಾಲದ ಸರಳ ಫ್ಲ್ಯಾಶ್‌ಗಳಲ್ಲಿ ಎಷ್ಟೋ ಮಾಡೆಲ್‌ಗಳಿಗೆ ‘ಇನ್ನು ಸಾಕು’ ಎಂದು ನಿಲ್ಲಿಸುವ ಸರ್ಕ್ಯೂಟೇ ಇಲ್ಲ. ಸೆಲ್‌ನ ವೋಲ್ಟ್ ಏರಿದಂತೆ ಕೆಪ್ಯಾಸಿಟರ್‌ನದೂ ಏರುತ್ತದೆ. ನನ್ನ ಫ್ಲ್ಯಾಶ್‌ನ ಕೆಪ್ಯಾಸಿಟರ್ ಮೇಲೆ 350 ವೋಲ್ಟ್ ಮಿತಿ ಎಂದು ಅಚ್ಚಾಗಿತ್ತು. ಅದರ ತಲೆ ಬಿರಿದಿತ್ತು, ಟ್ರಾನ್ಸಿಸ್ಟರ್ ಸುಟ್ಟುಹೋಗಿತ್ತು. ವಿಡಿಯೋದಲ್ಲಿ ಕಂಡ ಆ ವೇಗದ ಗುಟ್ಟು ಇಷ್ಟೇ.

ಮಾರಿದವರಿಗೆ ಫೋಟೋ ಸಮೇತ ಕಳಿಸಿದೆ. ‘ಹಳೆಯ ಸಾಮಾನಿಗೆ ಗ್ಯಾರಂಟಿ ಇರಲ್ಲ’ ಎಂಬ ಉತ್ತರ ಬಂತು. ನನಗೆ ಸಿಟ್ಟು ಬಂದದ್ದು ಇಲ್ಲೇ. ಐವತ್ತು ವರ್ಷ ಬಾಳಿದ ಸಾಮಾನು ವಯಸ್ಸಿನಿಂದ ಕೆಡಲಿಲ್ಲ. ಅವರು ಹಾಕಿದ ಸೆಲ್‌ನಿಂದ ಕೆಟ್ಟಿತು.

ಆದ್ದರಿಂದ ಯಾರು ಏನೇ ಹೇಳಲಿ, ಸೆಲ್ ಹಾಕುವ ಮುಂಚೆ ಮಲ್ಟಿಮೀಟರ್‌ನಲ್ಲಿ ಒಂದೊಂದನ್ನೂ ಅಳೆಯಿರಿ. ಹೊಸ ಆಲ್ಕಲೈನ್ 1.6ರ ಆಸುಪಾಸು ತೋರಿಸುತ್ತದೆ. ಚಾರ್ಜ್ ಆದ ನಿಕಲ್ ಸೆಲ್ 1.4ರ ಹತ್ತಿರ. ರೀಚಾರ್ಜ್ ಮಾಡಲಾಗದ ಲಿಥಿಯಂ ಎಎ ಸೆಲ್ 1.8ರವರೆಗೂ ಹೋಗಬಹುದು. 3 ದಾಟಿದರೆ ಅದು ನಿಮ್ಮ ಫ್ಲ್ಯಾಶ್‌ಗೆ ಬೇಡ. ಎರಡು 14500 ಸೆಲ್, ಉಳಿದ ಜಾಗಕ್ಕೆ ಎರಡು ಖಾಲಿ ಡಮ್ಮಿ ಹಾಕುವ ಉಪಾಯವೂ ಓಡಾಡುತ್ತಿದೆ. ಅದೂ 8.4 ವೋಲ್ಟ್ ಆಗುತ್ತದೆ. ಬೇಡ.

ನಾನೀಗ ಬಳಸುವುದು ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ನಾಲ್ಕು ಸೇರಿ 4.8 ವೋಲ್ಟ್ ಆದರೂ ಹೆಚ್ಚಿನ ಫ್ಲ್ಯಾಶ್‌ಗಳಿಗೆ ಸಾಕು. ಇದರಲ್ಲೂ ಒಂದು ವಿಷಯ ಗಮನಿಸಿ. ಈ ಸೆಲ್‌ಗಳ ಒಳಗಿನ ತಡೆ ಆಲ್ಕಲೈನ್‌ಗಿಂತ ಕಡಿಮೆ, ಕರೆಂಟ್ ಜಾಸ್ತಿ ಬರುತ್ತದೆ. ಆಲ್ಕಲೈನ್ ಸೆಲ್ ಕೆಪ್ಯಾಸಿಟರನ್ನು ನಿಧಾನವಾಗಿ ತುಂಬುವುದರಿಂದ ಫ್ಲ್ಯಾಶ್‌ಗೆ ತಾನಾಗಿಯೇ ವಿರಾಮ ಸಿಗುತ್ತಿತ್ತು. ನಿಕಲ್ ಸೆಲ್‌ನಲ್ಲಿ ಆ ವಿರಾಮ ನಾವೇ ಕೊಡಬೇಕು. ಒಂದರ ಹಿಂದೊಂದು ಹೊಡೆಯುತ್ತಾ ಹೋಗಬೇಡಿ. ಮೈ ಬಿಸಿಯಾದರೆ ನಿಲ್ಲಿಸಿ.

ಸರಿಯಾದ ಸೆಲ್ ಇದ್ದರೂ, ವರ್ಷಗಟ್ಟಲೆ ಸುಮ್ಮನಿದ್ದ ಫ್ಲ್ಯಾಶ್ ಅನ್ನು ಒಮ್ಮೆಲೇ ಎಬ್ಬಿಸಬಾರದು. ಬಳಸದೆ ಇಟ್ಟರೆ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಒಳಗಿನ ತೆಳುವಾದ ಆಕ್ಸೈಡ್ ಪದರ ಸವೆಯುತ್ತದೆ. ಆಗ ಕರೆಂಟ್ ಸೋರಿ ಅದು ಬಿಸಿಯಾಗುತ್ತದೆ. ಮೊದಲು ಅರ್ಧ ಮುಗಿದ ಸೆಲ್ ಹಾಕಿ. ರೆಡಿ ದೀಪ ಹತ್ತಿದ ಮೇಲೆ ಹೊಡೆಯದೆ ಸ್ವಲ್ಪ ಹೊತ್ತು ಹಾಗೇ ಬಿಟ್ಟು ಆಫ್ ಮಾಡಿ. ನಡುವೆ ಬಿಡುವು ಕೊಟ್ಟು ಇದನ್ನೇ ಹಲವು ಸಲ ಮಾಡಿದರೆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲೇ ಇದ್ದು ನೋಡಿಕೊಳ್ಳಿ. ಎಷ್ಟು ಹೊತ್ತಾದರೂ ದೀಪ ಹತ್ತದೆ ಮೈ ಬಿಸಿಯಾದರೆ ಅಲ್ಲಿಗೇ ಬಿಟ್ಟುಬಿಡಿ.

ಸೆಲ್ ಕೂರುವ ಜಾಗದಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಸೋರಿದ ಸೆಲ್‌ನ ಕ್ಷಾರ. ಸೆಲ್ ತೆಗೆದು, ಹತ್ತಿಗೆ ಚೂರು ವಿನೆಗರ್ ಹಚ್ಚಿ ಒರೆಸಿ, ಒಣಗಿಸಿ. ಬರಿಗೈಯಲ್ಲಿ ಮುಟ್ಟಬೇಡಿ.

ನೀವಾಗಿಯೇ ಬಿಚ್ಚಲು ಹೋಗಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ಸ್ವಿಚ್ ಆಫ್ ಮಾಡಿದರೂ, ಸೆಲ್ ತೆಗೆದರೂ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್ ಹಾಗೇ ಕೂತಿರುತ್ತದೆ, ಕೆಲವೊಮ್ಮೆ ದಿನಗಟ್ಟಲೆ. 330 ವೋಲ್ಟ್ ತುಂಬಿದ 1000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್‌ನಲ್ಲಿ ಸುಮಾರು 54 ಜೂಲ್ ಶಕ್ತಿ ಇರುತ್ತದೆ. ಅದು ಮೈಗೆ ಹರಿದರೆ ಜೀವಕ್ಕೇ ಅಪಾಯ. ನನಗೆ ರಿಪೇರಿ ಮಾಡಿಕೊಟ್ಟವರು ರೆಸಿಸ್ಟರ್ ಹಿಡಿದು ಚಾರ್ಜ್ ಇಳಿಸಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಒಳಗೆ ಬೆರಳಿಟ್ಟರು.

ಕ್ಯಾಮೆರಾ ವಿಷಯಕ್ಕೆ ಬಂದರೆ, ಹಳೆಯ ಫ್ಲ್ಯಾಶ್‌ಗಳ ಹಾಟ್ ಶೂ (ಫ್ಲ್ಯಾಶ್ ಕ್ಯಾಮೆರಾದ ಮೇಲೆ ಕೂರುವ ಜಾಗ) ಸಂಪರ್ಕದಲ್ಲಿ 200 ವೋಲ್ಟ್‌ಗೂ ಜಾಸ್ತಿ ಇರುವುದುಂಟು. ಹಳೆಯ ಮೆಕ್ಯಾನಿಕಲ್ ಕ್ಯಾಮೆರಾದಲ್ಲಿ ಅಲ್ಲಿ ಬರೀ ಲೋಹದ ಸ್ವಿಚ್ ಇತ್ತು, ತಡೆದುಕೊಳ್ಳುತ್ತಿತ್ತು. ಈಗಿನ ಕ್ಯಾಮೆರಾದಲ್ಲಿ ಇರುವುದು ಎಲೆಕ್ಟ್ರಾನಿಕ್ ಸ್ವಿಚ್. 1992ರ ಐಎಸ್‌ಒ 10330 ಮಾನದಂಡ ಹೇಳುವುದು 24 ವೋಲ್ಟ್. ಕೆಲವು ಕ್ಯಾಮೆರಾಗಳಿಗೆ 6 ವೋಲ್ಟೇ ಮಿತಿ, ಇನ್ನು ಕೆಲವು 250 ವೋಲ್ಟ್‌ವರೆಗೂ ತಾಳುತ್ತವೆ. ನಿಮ್ಮದರ ಮಿತಿ ಎಷ್ಟು ಎಂದು ಮ್ಯಾನುವಲ್‌ನಲ್ಲಿ ನೋಡಿ. ಆಮೇಲೆ ರೆಡಿ ದೀಪ ಹತ್ತಿರುವಾಗ ಮೀಟರನ್ನು ಡಿಸಿ 600 ಅಥವಾ 1000 ವೋಲ್ಟ್‌ಗೆ ಇಟ್ಟು, ಫ್ಲ್ಯಾಶ್ ಅಡಿಯ ಶೂ ನಡುವಿನ ಬಿಂದುವಿಗೂ ಪಕ್ಕದ ಲೋಹದ ಅಂಚಿಗೂ ತಾಗಿಸಿ ಅಳೆಯಿರಿ. ಬೆರಳು ಪ್ರೋಬ್‌ನ ಪ್ಲಾಸ್ಟಿಕ್ ಮೇಲೆಯೇ ಇರಲಿ. ದೂರದಿಂದ ಫ್ಲ್ಯಾಶ್ ಹೊಡೆಸುವ ರೇಡಿಯೋ ಟ್ರಿಗರ್ ಬಳಸುವವರೂ ಅದರ ಮಿತಿ ನೋಡಿಕೊಳ್ಳಿ.

ಒಂದೇ ಸಲ ಉರಿಯುವ ಬಲ್ಬ್ ಹಾಕುವ ಇನ್ನೂ ಹಳೆಯ ಫ್ಲ್ಯಾಶ್‌ಗನ್‌ಗಳಲ್ಲಿ ಇಷ್ಟು ಅಪಾಯವಿಲ್ಲ. ಅವುಗಳ 22.5 ವೋಲ್ಟ್ ಬ್ಯಾಟರಿ ಬದಲು ಎರಡು 12 ವೋಲ್ಟ್ ಪುಟ್ಟ ಸೆಲ್ ಜೋಡಿಸುವವರಿದ್ದಾರೆ. ಒಳಗಿನ ಕೆಪ್ಯಾಸಿಟರ್ ಮೇಲೆ ಬರೆದ ಮಿತಿ ಮೀರದಿದ್ದರೆ ಸರಿ. ಬಲ್ಬ್ ಹಾಕುವಾಗಲೇ ಹೊತ್ತಿಕೊಳ್ಳಬಹುದು, ಮುಖದಿಂದ ದೂರ ಹಿಡಿಯಿರಿ.

510 ವೋಲ್ಟ್ ಬ್ಯಾಟರಿ ಹಾಕುತ್ತಿದ್ದ ಫ್ಲ್ಯಾಶ್‌ಗಳು ಮಾತ್ರ ಬೇರೆಯೇ ಕಥೆ. ಅವುಗಳಿಗಾಗಿ ಒಂಬತ್ತು ವೋಲ್ಟಿನ 57 ಬ್ಯಾಟರಿಗಳನ್ನು ಸಾಲಾಗಿ ಜೋಡಿಸುವ ಯೋಚನೆ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಬಿಡಿ. ಅದನ್ನು ಮುಟ್ಟಿದರೆ ಜೀವ ಹೋಗಬಹುದು. ಅಂಥದ್ದು ಶೋಕೇಸಿನಲ್ಲೇ ಇರಲಿ.

ಈಗ ಹಳೆಯ ಫ್ಲ್ಯಾಶ್ ಕೊಳ್ಳುವಾಗ ನಾನು ಮಾರುವವರನ್ನು ಎರಡೇ ವಿಷಯ ಕೇಳುತ್ತೇನೆ. ವಿಡಿಯೋ ಮಾಡಿದಾಗ ಯಾವ ಸೆಲ್ ಹಾಕಿದ್ದಿರಿ? ಆ ಸೆಲ್ಲನ್ನು ಮೀಟರ್‌ಗೆ ಹಿಡಿದು ಒಂದು ಫೋಟೋ ಕಳಿಸುತ್ತೀರಾ? ‘ಅದೆಲ್ಲ ಬೇಡ, ಕೆಲಸ ಮಾಡುತ್ತೆ’ ಅಂದರೆ ಅಲ್ಲಿ ಕೊಳ್ಳಬೇಡಿ. ಫೋಟೋ ಕಳಿಸಿದರೂ ಸೆಲ್ ಇಲ್ಲದೆ ಬರೀ ಫ್ಲ್ಯಾಶ್ ಕಳಿಸಿ ಅನ್ನಿ. ಸೆಲ್ ನೀವೇ ಹೊಸದು ತಂದು ಹಾಕಿಕೊಳ್ಳಿ.