ವಾಂಟೂ ಬೆಟ್ಟದ ಸೈಕಲ್ ಪ್ರವಾಸಕ್ಕೆ ಮುಂಗಡ ಕಟ್ಟುವ ಮುನ್ನ

ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಗುಂಪು ಸೈಕಲ್ ಪ್ರವಾಸ ಮಾಡಬೇಕೆಂದು ಹಣ ಕೂಡಿಡುತ್ತಿರುವವರು, ಮುಂಗಡ ಕಟ್ಟುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. ಆರು ದಿನಗಳಲ್ಲಿ ಐದು ಸುಖವಾಗಿಯೇ ಕಳೆದವು. ಊಟ, ವಸತಿಗಳ ಬಗ್ಗೆ ನನ್ನ ತಕರಾರಿಲ್ಲ. ಕೆಟ್ಟದ್ದು ಮೋಂ ವಾಂಟೂ ಬೆಟ್ಟವನ್ನು ಹತ್ತಿ ಇಳಿದ ನಾಲ್ಕನೆಯ ದಿನ.

ಕಾರ್ಯಕ್ರಮದ ಪಟ್ಟಿಯಲ್ಲಿ ಆ ದಿನದ ಎದುರಿಗೆ “ಗುಡ್ಡಗಾಡು ದಾರಿ, 58 ಕಿಲೋಮೀಟರ್, ಎಲ್ಲರಿಗೂ ಸಾಧ್ಯ” ಎಂದಷ್ಟೇ ಇತ್ತು. ಬೆಂಗಳೂರಿನಿಂದ ನಂದಿಬೆಟ್ಟಕ್ಕೆ ಹೋಗಿ ನೂರು ಕಿಲೋಮೀಟರ್ ಮೀರಿಸಿ ಬರುವ ರೂಢಿಯಿದ್ದ ನನಗೆ 58 ಎಂಬುದು ಒಂದು ಲೆಕ್ಕವೇ ಅನ್ನಿಸಲಿಲ್ಲ. ದೂರವನ್ನು ನೋಡಿದೆ, ಏರನ್ನು ಕೇಳಲಿಲ್ಲ. ನನ್ನ ಪಾಲಿನ ತಪ್ಪು ಅದು. ಬೆದ್ವಾಂ ಊರಿನಿಂದ ಶಿಖರಕ್ಕೆ 21 ಕಿಲೋಮೀಟರಿಗಿಂತ ತುಸು ಹೆಚ್ಚು ದೂರ, ಅಷ್ಟರಲ್ಲಿ ಏರಬೇಕಾದದ್ದು ಸುಮಾರು 1,600 ಮೀಟರ್. ಮೊದಲ ಐದಾರು ಕಿಲೋಮೀಟರ್ ದ್ರಾಕ್ಷಿತೋಟಗಳ ನಡುವೆ ಹಗುರವಾಗಿ ಸಾಗಿ ನಂಬಿಸುವ ರಸ್ತೆ, ಸೇಂಟ್ ಎಸ್ತೇವ್ ತಿರುವಿನಲ್ಲಿ ಕಾಡು ಹೊಕ್ಕ ಮೇಲೆ ಶೇಕಡ 9ರಿಂದ 10ರ ಏರನ್ನು ಹಿಡಿದು, ಶಾಲೇ ರೆನಾರ್ ಹೋಟೆಲಿನ ತನಕ ಬಿಡುವುದೇ ಇಲ್ಲ.

ಬಾಡಿಗೆಗೆ ಕೊಟ್ಟ ಸೈಕಲ್ಲಿನಲ್ಲಿ ಅತಿ ಹಗುರ ಗೇರ್ ಎಂದರೆ ಮುಂದೆ 36, ಹಿಂದೆ 28 ಹಲ್ಲುಗಳದ್ದು. ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿಯಬೇಕೆಂದರೂ ಆ ಗೇರಿನಲ್ಲಿ ಗಂಟೆಗೆ ಹತ್ತಿರಹತ್ತಿರ 10 ಕಿಲೋಮೀಟರ್ ವೇಗ ಬೇಕು, ಆ ಏರಿನಲ್ಲಿ ನನ್ನಂಥ ಐವತ್ತು ದಾಟಿದವನಿಗೆ ಅದು ಆಗದ ಮಾತು. 34ಕ್ಕೆ 34 ಇದ್ದಿದ್ದರೆ ಏಳೂವರೆಯಲ್ಲಿ ನಿಭಾಯಿಸಬಹುದಿತ್ತು. ಬದಲಿಸಿ ಕೊಡುತ್ತಿದ್ದರೋ ಏನೋ, ಮೊದಲೇ ಬರೆದು ಕೇಳುವ ಬುದ್ಧಿ ನನಗಿರಲಿಲ್ಲ.

ಇಷ್ಟಾದರೂ ಅದು ಬರೀ ಕಷ್ಟದ ದಿನವಾಗಿ ಮುಗಿಯುತ್ತಿತ್ತು. ಕೆಡಿಸಿದ್ದು ವ್ಯಾನು. ನಮ್ಮ ಬೆಚ್ಚನೆಯ ಅಂಗಿ, ಕೈಗವಸು ಎಲ್ಲವೂ ಅದರಲ್ಲಿದ್ದವು. ಶಿಖರಕ್ಕೆ 6 ಕಿಲೋಮೀಟರ್ ಇರುವ ಶಾಲೇ ರೆನಾರ್‌ನಲ್ಲಿ ಅದು ಕಾಯುತ್ತದೆ ಎಂದು ಬೆಳಿಗ್ಗೆ ಹೇಳಿದ್ದರು. ನಾವು ಹಿಂದುಳಿದ ನಾಲ್ವರು ಅಲ್ಲಿಗೆ ಮುಟ್ಟುವಷ್ಟರಲ್ಲಿ, ಮುಂದೆ ಹೋದವರ ಊಟದ ವ್ಯವಸ್ಥೆಗೆಂದು ಅದು ಬೆಟ್ಟದ ಆಚೆಯ ಮಲೋಸೆನ್‌ಗೆ ಇಳಿದುಬಿಟ್ಟಿತ್ತು. ಮಾರ್ಗದರ್ಶಿ ಒಬ್ಬನೇ, ಅವನೂ ಮುಂದಿನವರ ಜೊತೆ. ಅಲ್ಲೇ ನಿಂತು ಫೋನ್ ಮಾಡದೆ ಮೇಲಕ್ಕೆ ಹೊರಟೆವು. ಅಲ್ಲಿಂದಾಚೆಗೆ ಮರವಿಲ್ಲ, ಬಿಳಿಯ ಸುಣ್ಣಕಲ್ಲಿನ ಬೋಳು ಇಳಿಜಾರು, ಅದರ ಮೇಲೆ ಮಿಸ್ತ್ರಾಲ್, ಅಂದರೆ ಆ ಸೀಮೆಯ ಬಿರುಸಾದ ತಣ್ಣನೆಯ ಗಾಳಿ. 2016ರ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದಲ್ಲಿ ಈ ಗಾಳಿಗೆ ಹೆದರಿಯೇ ಗುರಿಗೆರೆಯನ್ನು ಶಿಖರದಿಂದ ಶಾಲೇ ರೆನಾರ್‌ಗೆ ಇಳಿಸಿದ್ದರು. 1967ರ ಟೂರಿನಲ್ಲಿ ಕುಸಿದು ತೀರಿಕೊಂಡ ಬ್ರಿಟಿಷ್ ಸವಾರ ಟಾಮ್ ಸಿಂಪ್ಸನ್‌ನ ಸ್ಮಾರಕ ಇರುವುದೂ ಈ ದಾರಿಯಲ್ಲೇ. ವರ್ಷಗಳಿಂದ ನೋಡಬೇಕೆಂದಿದ್ದ ಅದನ್ನು ನಾನು ತಲೆಯೆತ್ತದೆ ದಾಟಿದೆ.

ಕೆಳಗಿನ ಊರಿಗೂ ಶಿಖರಕ್ಕೂ ಹತ್ತು ಡಿಗ್ರಿಯ ವ್ಯತ್ಯಾಸವಿರುವುದು ಸಹಜ. ಬೆವರಿನಲ್ಲಿ ತೊಯ್ದ ತೆಳು ಅಂಗಿಯಲ್ಲಿ ಇಳಿಯತೊಡಗಿದ ಹತ್ತು ನಿಮಿಷಕ್ಕೆ ಬೆರಳುಗಳು ಬ್ರೇಕ್ ಹಿಡಿಯದಷ್ಟು ಮರಗಟ್ಟಿದವು. ಜೊತೆಯವರೊಬ್ಬರು ತಿರುವಿನಲ್ಲಿ ಜಲ್ಲಿಗೆ ಜಾರಿ ಬಿದ್ದು ಕೊರಳೆಲುಬು ಮುರಿದುಕೊಂಡರು. ಅವರ ಪ್ರಯಾಣ ವಿಮೆಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿದ್ದರಿಂದ ಆಸ್ಪತ್ರೆಯ ಖರ್ಚು ಕೈಯಿಂದಲೇ ಹೋಯಿತು.

ಹಾಗಾಗಿ ಯಾವ ಸಂಸ್ಥೆಯೇ ಆಗಲಿ, ದಿನವೊಂದಕ್ಕೆ ಎಷ್ಟು ಮೀಟರ್ ಏರು, ಕೊನೆಯ ಸವಾರನ ಹಿಂದೆ ಯಾರಿರುತ್ತಾರೆ, ವ್ಯಾನು ಎಷ್ಟು ಹೊತ್ತಿನವರೆಗೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಗಾಳಿ ತಡೆಯುವ ಅಂಗಿಯನ್ನು ಮಾತ್ರ ಯಾವ ವ್ಯಾನಿಗೂ ಕೊಡದೆ ಬೆನ್ನಜೇಬಿನಲ್ಲೇ ಇಟ್ಟುಕೊಳ್ಳಿ. ನನ್ನ ದೂರಿಗೆ ಮೂರು ವಾರಗಳ ನಂತರ ಉತ್ತರ ಬಂತು: ಪಟ್ಟಿಯಲ್ಲಿ “ಗುಡ್ಡಗಾಡು” ಎಂದು ಸ್ಪಷ್ಟವಾಗಿ ನಮೂದಿಸಲಾಗಿತ್ತಂತೆ.