ಕ್ರೂಸ್ ಬುಕ್ ಮಾಡೋ ಮುಂಚೆ ಪೋರ್ಟ್ ಹೆಸರು ನೋಡಿ, ಶಿಪ್ ಫೋಟೋ ಆಮೇಲೆ ನೋಡಿ

ಯುರೋಪ್ ಕ್ರೂಸಿಗೆ ಹೋಗ್ಬೇಕು ಅಂತ ಇರೋರು, ಅದ್ರಲ್ಲೂ ವಯಸ್ಸಾದ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋರು, ಅಡ್ವಾನ್ಸ್ ಕಟ್ಟೋ ಮುಂಚೆ ದಯವಿಟ್ಟು ಇದನ್ನ ಪೂರ್ತಿ ಓದಿ. ಉದ್ದ ಆಗುತ್ತೆ, ಆದ್ರೂ ಓದಿ. ನಮ್ ಮನೆಯವರು ವರ್ಷಗಟ್ಟಲೆ ಉಳಿಸಿದ ದುಡ್ಡು ಹೆಂಗೆ ಬಸ್ಸಲ್ಲಿ ಕೂತು ಕೂತೇ ಕಳೆದುಹೋಯ್ತು ಅಂತ ಹೇಳ್ತೀನಿ, ಬೇರೆಯವರಿಗೆ ಹಿಂಗಾಗೋದು ಬೇಡ.

ನಮಗೆ ಟ್ರಿಪ್ ಮಾರಿದ್ದು ಬೆಂಗಳೂರಿನ ಒಬ್ಬ ಏಜೆಂಟ್, ಹೆಸರು ಬರೆಯಲ್ಲ, ಶಿಪ್ ಕಂಪನಿ ಹೆಸರೂ ಬರೆಯಲ್ಲ, ಯಾಕಂದ್ರೆ ಈ ಥರ ಮಾರೋರು ಅವರೊಬ್ಬರೇ ಅಲ್ಲ. ಮೇ ತಿಂಗಳು, ಮಕ್ಕಳ ಬೇಸಿಗೆ ರಜೆ, ನಾನು, ನನ್ ಹೆಂಡತಿ, ಮಕ್ಕಳು, ಜೊತೆಗೆ ಅಪ್ಪ ಅಮ್ಮ. ಬ್ರೋಷರ್ ಮೇಲೆ ದಪ್ಪಕ್ಷರದಲ್ಲಿ ಇದ್ದಿದ್ದು ಬಾರ್ಸಿಲೋನಾ, ಫ್ಲಾರೆನ್ಸ್, ರೋಮ್, ನೇಪಲ್ಸ್, ಸ್ಯಾಂಟೊರಿನಿ, ವೆನಿಸ್. ಮಿಕ್ಕಿದ್ದೆಲ್ಲ ಬರೀ ಶಿಪ್ಪು, ವಾಟರ್ ಸ್ಲೈಡು, ಥಿಯೇಟರು, ರಾಕ್ ಕ್ಲೈಂಬಿಂಗು, ರಾತ್ರಿ ಹನ್ನೆರಡಕ್ಕೂ ಸಿಗೋ ಪಿಜ್ಜಾ. ಏಜೆಂಟ್ ಆಫೀಸಲ್ಲಿ ಕೂತಷ್ಟು ಹೊತ್ತೂ ಶಿಪ್ಪಿನ ವಿಡಿಯೋನೇ ತೋರಿಸಿದ್ದು, ಯಾವ ಊರಲ್ಲಿ ಎಷ್ಟ್ ಗಂಟೆ ಇರ್ತೀವಿ, ಎಲ್ಲಿ ಇಳಿಸ್ತಾರೆ ಅಂತ ಕೇಳಿದ್ದಕ್ಕೆ "ಫುಲ್ ಡೇ ಇರುತ್ತೆ ಸಾರ್, ಆರಾಮಾಗಿ ನೋಡಬಹುದು" ಅಂತಷ್ಟೇ ಹೇಳಿದ್ರು.

ಈಗ ಭೂಪಟ ತೆಗೆದು ನೋಡಿ. ಫ್ಲಾರೆನ್ಸ್ ಸಮುದ್ರದ ಪಕ್ಕ ಇಲ್ಲ. ರೋಮ್ ಹತ್ರಾನೂ ಈ ದೊಡ್ಡ ಶಿಪ್ ಹೋಗಲ್ಲ. ಫ್ಲಾರೆನ್ಸ್ ಅಂತ ಬರೆದ ಕಡೆ ಶಿಪ್ ನಿಲ್ಲೋದು ಲಿವೋರ್ನೊ ಅನ್ನೋ ಬಂದರಲ್ಲಿ, ಅಲ್ಲಿಂದ ಫ್ಲಾರೆನ್ಸಿಗೆ ಹೆಚ್ಚುಕಮ್ಮಿ 90 ಕಿಲೋಮೀಟರ್. ರೋಮ್ ಅಂದ್ರೆ ಚಿವಿಟವೆಕ್ಕಿಯಾ, ಅಲ್ಲಿಂದ ರೋಮಿಗೆ 70 ಕಿಲೋಮೀಟರ್ ಮೇಲೆ. ಉತ್ತರ ಯುರೋಪಿನ ಕ್ರೂಸಲ್ಲಿ ಇದು ಇನ್ನೂ ಕೆಟ್ಟದು, ಪ್ಯಾರಿಸ್ ಅಂತ ಬರೆದಿದ್ರೆ ಅದು ಲ ಹಾವ್ರ್, ಸುಮಾರು 200 ಕಿಲೋಮೀಟರ್ ದೂರ, ಬರ್ಲಿನ್ ಅಂತಿದ್ರೆ ಅದು ವಾರ್ನೆಮುಂಡೆ, ಒಂದು ಕಡೆಗೆ ಮೂರು ಗಂಟೆ ಹತ್ರ ಪ್ರಯಾಣ. ನಮ್ಮವರು ಜಾಸ್ತಿ ಹೋಗೋ ಏಷ್ಯಾ ಕಡೇನೂ ಇದೇ ಕಥೆ, ಬ್ಯಾಂಕಾಕ್ ಅಂದ್ರೆ ಲೇಮ್ ಚಬಾಂಗ್, 100 ಕಿಲೋಮೀಟರಿಗಿಂತ ದೂರ, ಕ್ವಾಲಾಲಂಪುರ ಅಂದ್ರೆ ಪೋರ್ಟ್ ಕ್ಲಾಂಗ್. ಮಂಗಳೂರು ಬಂದರಲ್ಲಿ ಇಳಿಸಿ ಕುದುರೆಮುಖ ತೋರಿಸ್ತೀವಿ ಅಂದಂಗೆ ಇದು, ಸುಳ್ಳಲ್ಲ, ಆದ್ರೆ ಹೇಳ್ಬೇಕಾಗಿದ್ದ ಅರ್ಧ ವಿಷಯ ಹೇಳಿಲ್ಲ.

ಟೈಮಿನ ಲೆಕ್ಕ ಕೇಳಿ. ಶಿಪ್ ಬೆಳಗ್ಗೆ 7ಕ್ಕೆ ಬಂತು, ಸಂಜೆ 6ಕ್ಕೆ ಹೊರಡುತ್ತೆ ಅಂದ್ರೆ ನಿಮಗೆ 11 ಗಂಟೆ ಸಿಗ್ತು ಅಂತ ಅಲ್ಲ. ಇಳಿಯೋಕೆ ಪರ್ಮಿಷನ್ ಬಂದು, ಸಾವಿರಾರು ಜನದ ಕ್ಯೂ ದಾಟಿ ಹೊರಗೆ ಬರೋ ಹೊತ್ತಿಗೆ 8 ಆಗೋಗುತ್ತೆ. ಹೊರಡೋ ಟೈಮಿಗಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಎಲ್ರೂ ಒಳಗಿರ್ಬೇಕು, ಅದಕ್ಕೆ ಆಲ್ ಅಬೋರ್ಡ್ ಅಂತಾರೆ. ಬಸ್ಸಲ್ಲಿ ಹೋಗ್ತಾ ಒಂದೂವರೆ ಗಂಟೆ, ಬರ್ತಾ ಒಂದೂವರೆ ಗಂಟೆ, ಟ್ರಾಫಿಕ್ ಭಯಕ್ಕೆ ಟೂರಿನವರು ಬೇಗನೇ ಹೊರಡಿಸ್ತಾರೆ. ಕೊನೆಗೆ ಫ್ಲಾರೆನ್ಸಲ್ಲಿ ನಮಗೆ ಉಳಿದಿದ್ದು ನಾಲ್ಕು ಗಂಟೆ ಚಿಲ್ಲರೆ, ಅದ್ರಲ್ಲಿ ಊಟ, ಟಾಯ್ಲೆಟ್ಟು, ಬಸ್ ನಿಲ್ಸೋ ಜಾಗದಿಂದ ಊರೊಳಗೆ ನಡೆಯೋದು ಎಲ್ಲಾ ಸೇರಿ. ದೊಡ್ಡ ಬಸ್ಸು ಹಳೇ ಊರಿನೊಳಗೆ ಬಿಡಲ್ಲ, ಅಮ್ಮನಿಗೆ ಮಂಡಿ ನೋವು, ಆ ಕಲ್ಲು ಹಾಸಿದ ರಸ್ತೇಲಿ ಗ್ರೂಪಿನ ಹಿಂದೆ ಓಡೋಕೆ ಅವರ ಕೈಲಿ ಆಗ್ಲಿಲ್ಲ.

ಇನ್ನೊಂದು ವಿಷಯ, ಇದು ನನಗೆ ಇವತ್ತಿಗೂ ಸಂಕಟ ಆಗುತ್ತೆ. ನಮ್ಮಮ್ಮ ಸರ್ಕಾರಿ ಶಾಲೇಲಿ ಡ್ರಾಯಿಂಗ್ ಟೀಚರ್ ಆಗಿದ್ದೋರು. ಮೈಕೆಲಾಂಜೆಲೊನ ಡೇವಿಡ್ ಮೂರ್ತಿ ಒಂದ್ ಸಲ ಕಣ್ಣಾರೆ ನೋಡ್ಬೇಕು ಅನ್ನೋದೇ ಅವರು ಈ ಟ್ರಿಪ್ಪಿಗೆ ಒಪ್ಪಿಕೊಂಡಿದ್ದಕ್ಕೆ ಕಾರಣ, ಅದನ್ನ ಏಜೆಂಟಿಗೂ ಹೇಳಿದ್ವಿ. ಶಿಪ್ ಲಿವೋರ್ನೊಗೆ ಹೋಗಿದ್ದು ಸೋಮವಾರ. ಡೇವಿಡ್ ಇರೋ ಅಕಾಡೆಮಿಯಾ ಗ್ಯಾಲರಿ ಸೋಮವಾರ ರಜೆ, ಊಫಿತ್ಸಿ ಮ್ಯೂಸಿಯಮ್ಮೂ ಸೋಮವಾರ ರಜೆ. ಬಸ್ಸಲ್ಲಿ ಅರ್ಧ ದಾರಿ ಹೋದ ಮೇಲೆ ಗೈಡ್ ಬಾಯಿಂದ ಇದು ಗೊತ್ತಾಯ್ತು. ಪಿಯಾಟ್ಸಾ ಡೆಲ್ಲಾ ಸಿನ್ಯೋರಿಯಾ ಅನ್ನೋ ಚೌಕದಲ್ಲಿ ಅದರ ಒಂದು ನಕಲು ನಿಂತಿದೆ, ಅದನ್ನೇ ನೋಡಿ ಅಮ್ಮ "ಇರ್ಲಿ ಬಿಡಪ್ಪ, ಇದೂ ಚೆನ್ನಾಗೇ ಇದೆ" ಅಂದ್ರು. ಆ ಮಾತು ಕೇಳೋಕೆ ನನ್ನ ಕೈಲಿ ಆಗ್ಲಿಲ್ಲ. ವಾರಗಟ್ಟಲೆ ಮುಂಚೆ ಡೇಟ್ ಗೊತ್ತಿದ್ದ ಏಜೆಂಟ್ ಒಂದು ಮಾತು ಹೇಳಿದ್ರೆ ಬೇರೆ ತಾರೀಖಿಗೆ ಹೊರಡೋ ಟ್ರಿಪ್ ತಗೋತಿದ್ವಿ, ದುಡ್ಡಲ್ಲಿ ದೊಡ್ಡ ವ್ಯತ್ಯಾಸಾನೂ ಇರ್ಲಿಲ್ಲ. ಹಂಗಾಗಿ ಪ್ರತಿ ಪೋರ್ಟಿಗೆ ಹೋಗೋ ದಿನ ಸೋಮವಾರಾನಾ, ಮಂಗಳವಾರಾನಾ, ಯಾವ ವಾರ ಅಂತ ಬರ್ಕೊಳ್ಳಿ. ರೋಮಿನ ವ್ಯಾಟಿಕನ್ ಮ್ಯೂಸಿಯಂ, ಅಂದ್ರೆ ಸಿಸ್ಟೀನ್ ಚಾಪೆಲ್ ಸೇರಿ, ತಿಂಗಳ ಕೊನೇ ಭಾನುವಾರ ಬಿಟ್ಟು ಮಿಕ್ಕ ಭಾನುವಾರ ಮುಚ್ಚಿರುತ್ತೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ರಜೆ.

ರೋಮಿನ ದಿನ ವಿವರವಾಗಿ ಹೇಳೋಕೆ ಏನೂ ಇಲ್ಲ, ಅದೂ ಬಸ್ಸು, ಕ್ಯೂ, ಬಸ್ಸು. ಕೊಲೋಸಿಯಂ ಹೊರಗಿನಿಂದ ನೋಡಿದ್ವಿ.

ನೇಪಲ್ಸ್ ಬಗ್ಗೆ ಮಾತ್ರ ಹೇಳ್ಲೇಬೇಕು. ಆ ಬಂದರು ಊರಿನ ಮಧ್ಯದಲ್ಲೇ ಇದೆ, ಶಿಪ್ಪಿಂದ ಇಳಿದು ರಸ್ತೆ ದಾಟಿದ್ರೆ ಊರು, ಎದುರಿಗೇ ಕೋಟೆ. ಅಪ್ಪ ಅಮ್ಮ ಟ್ಯಾಕ್ಸಿ ಮಾಡ್ಕೊಂಡು ಆರ್ಕಿಯಾಲಜಿ ಮ್ಯೂಸಿಯಂಗೆ ಹೋಗಿ ಜ್ವಾಲಾಮುಖಿ ಬೂದಿಯಲ್ಲಿ ಹೂತುಹೋಗಿದ್ದ ಪಾಂಪೇಯಿ ಅನ್ನೋ ಹಳೇ ಊರಿಂದ ತಂದಿಟ್ಟಿರೋ ಎರಡು ಸಾವಿರ ವರ್ಷದ ಹಿಂದಿನ ಗೋಡೆಚಿತ್ರಗಳನ್ನ ನಿಧಾನಕ್ಕೆ ನೋಡಿದ್ರು, ನಾವು ಮಕ್ಕಳ ಜೊತೆ ಲೋಕಲ್ ಟ್ರೈನಲ್ಲಿ ಪಾಂಪೇಯಿಗೇ ಹೋಗಿ ಬಂದ್ವಿ, ಶಿಪ್ಪಿನವರು ಮಾರೋ ಊರು ತೋರಿಸೋ ಟೂರಿಗೆ ಒಂದು ಪೈಸೆ ಕೊಡ್ಲಿಲ್ಲ, ಯಾರೂ ಓಡಲಿಲ್ಲ. ಶಿಪ್ ಅದೇ, ನಾವೂ ಅವರೇ, ಬದಲಾಗಿದ್ದು ಪೋರ್ಟ್ ಎಲ್ಲಿದೆ ಅನ್ನೋದು ಅಷ್ಟೇ. ಇಂಥ ಪೋರ್ಟ್‌ಗಳು ಬೇಕಾದಷ್ಟಿವೆ. ಮಾಲ್ಟಾದ ವ್ಯಾಲೆಟಾದಲ್ಲಿ ಊರಿನ ಕೋಟೆಗೋಡೆ ಕೆಳಗೇ ಶಿಪ್ ನಿಲ್ಲುತ್ತೆ, ಮೇಲೆ ಹೋಗೋಕೆ ಲಿಫ್ಟ್ ಇದೆ. ಮಾಂಟೆನೆಗ್ರೊದ ಕೊಟೋರ್‌ನಲ್ಲಿ ಹಳೇ ಊರಿನ ಬಾಗಿಲು ಎದುರಿಗೇ ಕಾಣುತ್ತೆ. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ಊರು ಸ್ವಲ್ಪವೇ ದೂರ. ಟರ್ಕಿಯ ಕುಶಾದಾಸಿಯಿಂದ ಎಫೆಸಸ್ ಅನ್ನೋ ಪುರಾತನ ಊರಿನ ಅವಶೇಷಗಳಿಗೆ ಸುಮಾರು 20 ಕಿಲೋಮೀಟರ್. ವಯಸ್ಸಾದೋರು ಜೊತೆಗಿದ್ರೆ ಇಂಥ ಪೋರ್ಟ್ ಜಾಸ್ತಿ ಇರೋ ರೂಟನ್ನೇ ಹುಡುಕಿ, ಶಿಪ್ ಹಳೇದಾದ್ರೂ ಪರ್ವಾಗಿಲ್ಲ, ಸ್ಲೈಡ್ ಇಲ್ಲದಿದ್ರೂ ಪರ್ವಾಗಿಲ್ಲ.

ಒಂದು ಎಚ್ಚರಿಕೆ, ಟರ್ಕಿ, ಮಾಂಟೆನೆಗ್ರೊ ಎಲ್ಲ ಶೆಂಗೆನ್, ಅಂದ್ರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು, ಅದರ ಒಳಗಿಲ್ಲ. ಶಿಪ್ ಅಲ್ಲಿಗೆ ಹೋಗಿ ವಾಪಸ್ ಇಟಲಿ ಗ್ರೀಸಿಗೆ ಬಂದ್ರೆ ನಿಮ್ ಇಂಡಿಯನ್ ಪಾಸ್‌ಪೋರ್ಟಿಗೆ ಮಲ್ಟಿಪಲ್ ಎಂಟ್ರಿ ವೀಸಾನೇ ಬೇಕು, ಸಿಂಗಲ್ ಎಂಟ್ರಿ ಹಾಕ್ಸಿದ್ರೆ ಮುಗೀತು. ಕ್ರೊಯೇಷಿಯಾ ಮಾತ್ರ 2023ರ ಜನವರಿಯಿಂದ ಶೆಂಗೆನ್ ಒಳಗೆ ಸೇರಿದೆ.

ಇನ್ನು ಗ್ರೀಸಿನ ದ್ವೀಪ ಸ್ಯಾಂಟೊರಿನಿ. ಫೋಟೋದಲ್ಲಿ ಬರೋ ಬಿಳಿ ಮನೆ, ನೀಲಿ ಗುಮ್ಮಟ ಎಲ್ಲ ನಿಜಾನೇ, ಊರು ಚಂದಾನೇ. ಆದ್ರೆ ಅಲ್ಲಿ ಕ್ರೂಸ್ ಶಿಪ್ಪಿಗೆ ದಕ್ಕೆ ಇಲ್ಲ. ಶಿಪ್ ನೀರಿನ ಮಧ್ಯ ನಿಲ್ಲುತ್ತೆ, ಅಲ್ಲಿಂದ ಚಿಕ್ಕ ಬೋಟಲ್ಲಿ ದಡಕ್ಕೆ ಬಿಡ್ತಾರೆ, ಇದಕ್ಕೆ ಟೆಂಡರ್ ಅಂತಾರೆ. ಟೋಕನ್ ತಗೊಂಡು ಥಿಯೇಟರಲ್ಲಿ ಕೂತಿರ್ಬೇಕು, ಶಿಪ್ಪಿನ ದುಬಾರಿ ಟೂರ್ ತಗೊಂಡೋರು ಮೊದಲು ಇಳೀತಾರೆ, ಆಮೇಲೆ ಮಿಕ್ಕೋರು. ದಡಕ್ಕೆ ಹೋದ್ರೆ ಊರು ತಲೆ ಮೇಲೆ ಗುಡ್ಡದ ತುದೀಲಿ, ಮೇಲೆ ಹೋಗೋಕೆ 500ಕ್ಕೂ ಹೆಚ್ಚು ಮೆಟ್ಟಿಲು, ಇಲ್ಲಾ ಕೇಬಲ್ ಕಾರು, ಇಲ್ಲಾ ಕತ್ತೆ. ಅವತ್ತು ನಮ್ ಶಿಪ್ಪಿನ ಜೊತೆ ಬೇರೆ ಶಿಪ್ಪುಗಳೂ ಬಂದಿದ್ವು, ಎಲ್ಲರೂ ಅದೇ ಒಂದು ಕೇಬಲ್ ಕಾರಿಗೆ. ಬಿಸಿಲಲ್ಲಿ ಅಪ್ಪ ಅಮ್ಮನ್ನ ನಿಲ್ಸೋಕೆ ಮನಸ್ಸಾಗದೆ ಹೆಂಡತಿ ಅವರ ಜೊತೆ ಕೆಳಗೇ ಉಳಿದು ಅದೇ ಬೋಟಲ್ಲಿ ಶಿಪ್ಪಿಗೆ ವಾಪಸ್ ಹೋದ್ಲು. ನಾನು ಮಕ್ಕಳನ್ನ ಕರ್ಕೊಂಡು ಮೇಲೆ ಹೋದ್ರೆ ಅಲ್ಲಿ ಸಿಕ್ಕಿದ್ದು ಫೀರಾ ಅನ್ನೋ ಊರು, ಫೋಟೋದಲ್ಲಿ ನೋಡಿದ್ದ ಇಯಾ ಅನ್ನೋ ಊರಲ್ಲ, ಇಯಾಗೆ ಇನ್ನೂ ಬಸ್ಸಲ್ಲಿ ಹೋಗ್ಬೇಕು, ಕೆಳಗೆ ಇಳಿಯೋಕೆ ಮತ್ತೆ ಅದೇ ಕ್ಯೂ, ಹಂಗಾಗಿ ಇಯಾ ಆಸೆ ಬಿಟ್ವಿ. ಟೆಂಡರ್ ಪೋರ್ಟಲ್ಲಿ ಇನ್ನೊಂದು ರಿಸ್ಕು, ಗಾಳಿ ಜೋರಿದ್ರೆ ಬೋಟ್ ಇಳಿಸಲ್ಲ, ಪೋರ್ಟೇ ಕ್ಯಾನ್ಸಲ್. ಗ್ರೀಸ್ ಸುತ್ತಲಿನ ಏಜಿಯನ್ ಸಮುದ್ರದಲ್ಲಿ ಜುಲೈ ಆಗಸ್ಟಲ್ಲಿ ಮೆಲ್ಟೆಮಿ ಅನ್ನೋ ಉತ್ತರದ ಗಾಳಿ ದಿನಗಟ್ಟಲೆ ಬೀಸುತ್ತೆ. ಹಂಗೆ ಪೋರ್ಟ್ ತಪ್ಪಿದ್ರೆ ದುಡ್ಡು ವಾಪಸ್ ಬರುತ್ತೆ ಅಂದ್ಕೋಬೇಡಿ. ಟಿಕೆಟ್ಟಿನ ಕಾಂಟ್ರ್ಯಾಕ್ಟಲ್ಲಿ ರೂಟ್ ಬದಲಾಯಿಸೋ ಹಕ್ಕನ್ನ ಕಂಪನಿಗಳು ತಮ್ಮ ಕೈಲೇ ಇಟ್ಕೊಂಡಿರ್ತಾರೆ, ಸಾಮಾನ್ಯವಾಗಿ ಬರೋದು ಆ ಪೋರ್ಟಿನ ಟ್ಯಾಕ್ಸ್ ಮಾತ್ರ.

ವೆನಿಸ್ ಕಥೆ ಕೇಳಿ. 2021ರ ಆಗಸ್ಟಿಂದ ಇಟಲಿ ಸರ್ಕಾರ 25,000 ಗ್ರಾಸ್ ಟನ್ನೇಜಿಗಿಂತ (ಶಿಪ್ಪಿನ ಒಳಗಿನ ಜಾಗದ ಅಳತೆ) ದೊಡ್ಡ ಶಿಪ್ಪುಗಳನ್ನ ವೆನಿಸ್ಸಿನ ಊರ ಮುಂದಿನ ಕಾಲುವೆಗೆ ಬಿಡಲ್ಲ, ಊರಿಗೂ ಅದರ ಸುತ್ತಲಿನ ಲಗೂನ್ ಅನ್ನೋ ಹಿನ್ನೀರಿಗೂ ಹಾನಿ ಆಗುತ್ತೆ ಅಂತ. ಅದು ಸರಿಯಾದ ನಿರ್ಧಾರಾನೇ, ನನಗೆ ಅದ್ರ ಬಗ್ಗೆ ತಕರಾರಿಲ್ಲ. ತಕರಾರಿರೋದು ಇಷ್ಟು ವರ್ಷ ಆದ್ಮೇಲೂ ವೆನಿಸ್ ಅಂತ ದಪ್ಪಕ್ಷರದಲ್ಲಿ ಬರೆದು ಕೆಳಗೆ ಸಣ್ಣಕ್ಷರದಲ್ಲಿ ರವೆನ್ನಾ ಅಂತ ಹಾಕೋದಕ್ಕೆ. ಕೆಲವು ಶಿಪ್ ತ್ರಿಯೆಸ್ತೆಗೆ ಹೋಗುತ್ವೆ, ಅದೂ ದೂರಾನೇ. ನಮ್ಮನ್ನ ಇಳಿಸಿದ್ದು ರವೆನ್ನಾದಲ್ಲಿ, ಅಲ್ಲಿಂದ ವೆನಿಸ್ ಸುಮಾರು 140 ಕಿಲೋಮೀಟರ್. ಅವತ್ತೇ ಸಂಜೆ ವೆನಿಸ್ ಏರ್‌ಪೋರ್ಟಿಂದ ನಮ್ ಫ್ಲೈಟು, ಅದನ್ನ ಬುಕ್ ಮಾಡಿದ್ದೂ ಅದೇ ಏಜೆಂಟು. ಲಗೇಜ್ ತಗೊಂಡು ಬಸ್ ಹತ್ತಿ ನೇರವಾಗಿ ಏರ್‌ಪೋರ್ಟಿಗೆ ಹೋದ್ವಿ, ವೆನಿಸ್ ನೋಡ್ಲೇ ಇಲ್ಲ.

ಊರಿಗೆ ಬಂದು ಕೇಳಿದ್ದಕ್ಕೆ ಏಜೆಂಟ್ ಹೇಳಿದ್ದು, "ಸಾರ್, ಬ್ರೋಷರಲ್ಲಿ ಪೋರ್ಟ್ ಹೆಸರು ಇದೆಯಲ್ಲ." ಇತ್ತು, ಬ್ರಾಕೆಟ್ಟಲ್ಲಿ ಇತ್ತು. ಮೊದಲನೇ ಸಲ ಯುರೋಪಿಗೆ ಹೋಗೋರಿಗೆ ರವೆನ್ನಾ ಅಂದ್ರೆ ಏನು ಗೊತ್ತಾಗುತ್ತೆ? ಅದನ್ನ ಹೇಳೋಕೇ ತಾನೇ ಅವರು ಕಮಿಷನ್ ತಗೊಳ್ಳೋದು.

ಶಿಪ್ ಬಗ್ಗೆಯೂ ನ್ಯಾಯವಾಗಿ ಹೇಳ್ತೀನಿ. ಶಿಪ್ ಚೆನ್ನಾಗಿತ್ತು, ಊಟದಲ್ಲಿ ವೆಜ್ ಬೇಕಾದಷ್ಟಿತ್ತು, ಕೆಲಸದೋರು ತುಂಬಾ ಮರ್ಯಾದೆಯಿಂದ ನೋಡ್ಕೊಂಡ್ರು, ಮಕ್ಕಳಿಗೆ ಸ್ಲೈಡ್ ಇಷ್ಟ ಆಯ್ತು. ಆದ್ರೆ ದಿನಾ ಒಂದೊಂದು ಪೋರ್ಟ್ ಇರೋ ರೂಟಲ್ಲಿ ಬೆಳಗ್ಗೆ ಹೋಗಿ ಸಂಜೆ ಸುಸ್ತಾಗಿ ಬಂದು ಮಲಗೋರಿಗೆ ಆ ಸ್ಲೈಡು ಥಿಯೇಟರು ಎಲ್ಲ ಯಾಕೆ, ಅದಕ್ಕೆ ಜಾಸ್ತಿ ದುಡ್ಡು ಯಾಕೆ? ಶಿಪ್ಪನ್ನ ಅನುಭವಿಸೋಕೆ ಪೂರ್ತಿ ಸಮುದ್ರದಲ್ಲೇ ಇರೋ ಸೀ ಡೇ ಬೇಕು. ಅಮೆರಿಕಾದಲ್ಲಿರೋ ನಮ್ಮವರು ಮಯಾಮಿಯಿಂದ ಕೆರಿಬಿಯನ್ ಕಡೆ ಹೋಗೋದು ಬೇರೆ ಲೆಕ್ಕ, ಅಲ್ಲಿ ಐಕಾನ್ ಆಫ್ ದಿ ಸೀಸ್ ಥರದ, 7,600 ಜನ ಹಿಡಿಯೋ ಶಿಪ್ಪೇ ನೋಡೋ ಜಾಗ, ಬೀಚ್ ಯಾವುದಾದ್ರೂ ನಡೆಯುತ್ತೆ, ಅಲ್ಲಿ ಶಿಪ್ ನೋಡಿ ಆರಿಸೋದೇ ಸರಿ. ಇಲ್ಲಿಂದ ಹೋಗೋರಿಗೆ ಮಕ್ಕಳ ಜೊತೆ ಶಿಪ್ಪಲ್ಲೇ ಮಜಾ ಮಾಡ್ಬೇಕು ಅಂತಿದ್ರೆ ಸಿಂಗಾಪುರ ಇದೆ, ಬೆಂಗಳೂರಿಂದ ಡೈರೆಕ್ಟ್ ಫ್ಲೈಟು, ಶಿಪ್ ಹತ್ತೋದೂ ಊರೊಳಗೇ, ಶೆಂಗೆನ್ ವೀಸಾ ತಲೆನೋವಿಲ್ಲ. ಇಟಲಿ ನೋಡೋಕೆ ಅಂತ ಹೋಗೋರು ಮಾತ್ರ ಊರು ನೋಡಿ, ಪೋರ್ಟ್ ನೋಡಿ, ಗಂಟೆ ಲೆಕ್ಕ ಹಾಕಿ, ಆಮೇಲೆ ಶಿಪ್ಪಿಗೆ ಬನ್ನಿ. ಬರೀ ರೋಮ್, ಫ್ಲಾರೆನ್ಸ್, ವೆನಿಸ್ಸೇ ಬೇಕು ಅಂದ್ರೆ ಕ್ರೂಸೇ ಬೇಡ, ಆ ಮೂರೂ ಊರಿನ ಮಧ್ಯ ಫಾಸ್ಟ್ ಟ್ರೈನ್ ಓಡುತ್ತೆ.

ಶಿಪ್ಪಿಗೆ ಬಂದಾಗ ಒಂದು ಲೆಕ್ಕ ನೋಡಿ, ಗ್ರಾಸ್ ಟನ್ನೇಜನ್ನ ಪ್ಯಾಸೆಂಜರ್ ಸಂಖ್ಯೆಯಿಂದ ಭಾಗಿಸಿ. 40ರ ಮೇಲೆ ಬಂದ್ರೆ ಓಡಾಡೋಕೆ ಜಾಗ ಇರುತ್ತೆ, 30ಕ್ಕಿಂತ ಕಮ್ಮಿ ಇದ್ರೆ ಎಲ್ಲಾ ಕಡೆ ರಶ್ಶು. ಹೊಟ್ಟೆ ತೊಳಸೋ ಭಯ ಇರೋರು ಮಧ್ಯಭಾಗದ, ಕೆಳಗಿನ ಡೆಕ್ಕಿನ ರೂಮ್ ತಗೊಳ್ಳಿ. ಪೂಲ್ ಡೆಕ್ಕಿನ ಕೆಳಗಿನ ರೂಮ್ ಬೇಡ, ಬೆಳಗಿನ ಜಾವ ಕುರ್ಚಿ ಎಳೆಯೋ ಸದ್ದಿಗೆ ನಿದ್ದೆ ಬರಲ್ಲ.

ದೂರದ ಪೋರ್ಟಿಗೆ ಹೋಗ್ಲೇಬೇಕಾದ್ರೆ ಶಿಪ್ಪಿನವರ ಟೂರೇ ತಗೊಳ್ಳಿ, ದುಬಾರಿ ಆದ್ರೂ. ಅವರ ಬಸ್ಸು ಲೇಟಾದ್ರೆ ಶಿಪ್ ಕಾಯುತ್ತೆ, ನೀವೇ ಟ್ರೈನಲ್ಲಿ ಹೋಗಿ ಲೇಟಾದ್ರೆ ಕಾಯಲ್ಲ. ನೇಪಲ್ಸ್ ಥರದ ಕಡೆ ಅದು ಬೇಕಾಗಿಲ್ಲ. ಮತ್ತೆ ಏಜೆಂಟಿಗೆ ಫೋನಲ್ಲಿ ಕೇಳ್ಬೇಡಿ, ಮೆಸೇಜ್ ಇಲ್ಲಾ ಮೇಲ್ ಮಾಡಿ ಕೇಳಿ: ಪ್ರತಿ ದಿನದ ಬಂದರಿನ ನಿಜವಾದ ಹೆಸರು, ಊರಿಗೆ ಎಷ್ಟು ದೂರ, ಬರೋ ಹೋಗೋ ಟೈಮು, ದಕ್ಕೆನಾ ಟೆಂಡರ್ರಾ, ಅವತ್ತು ಯಾವ ವಾರ. ಬರೆದು ಕೊಡೋಕೆ ಹಿಂದೆಮುಂದೆ ನೋಡಿದ್ರೆ ಅವರ ಹತ್ರ ಬುಕ್ ಮಾಡ್ಬೇಡಿ. ವೆನಿಸ್ಸಲ್ಲಿ ಮುಗಿಯೋ ಕ್ರೂಸ್ ಈಗಾಗ್ಲೇ ಬುಕ್ ಆಗಿದ್ರೆ ವಾಪಸ್ ಫ್ಲೈಟನ್ನ ಒಂದೆರಡು ದಿನ ಮುಂದಕ್ಕೆ ಹಾಕಿಸಿ, ವೆನಿಸ್ ಪಕ್ಕದ ಮೆಸ್ತ್ರೆಯಲ್ಲಿ ರೂಮು ಸ್ವಲ್ಪ ಕಮ್ಮಿಗೆ ಸಿಗುತ್ತೆ, ಅಲ್ಲಿಂದ ವೆನಿಸ್ಸಿಗೆ ಟ್ರೈನಲ್ಲಿ ಹತ್ತು ಹನ್ನೆರಡು ನಿಮಿಷ.